ಬರೆದದ್ದು ಇಂಡಿಯಲ್ಲಿ, ತಿದ್ದಿದ್ದು ಬಾಗೇವಾಡಿಯಲ್ಲಿ

ಫ್ರೇಮಿನ ಗಾಜು ಬಸ್ಸಿನಲ್ಲಿ ಒಡೆಯಬಹುದಿತ್ತು. ಸಮಾರಂಭದ ಹೊತ್ತಿಗೆ ಕರೆಂಟು ಹೋಗಿ ಮೈಕು ಕೈಕೊಡಬಹುದಿತ್ತು. ಓದಲು ನಿಂತಾಗ ನನ್ನ ಗಂಟಲು ಕಟ್ಟಬಹುದಿತ್ತು, ಇಲ್ಲವೆ ಗಂಟಲು ಸರಿಯಿದ್ದು ಕನ್ನಡಕ ಮನೆಯಲ್ಲೇ ಉಳಿಯಬಹುದಿತ್ತು. ಕೇಳುತ್ತ ಕೂತ ಹೆಡ್‌ಮಾಸ್ತರು ಅರ್ಧಕ್ಕೇ ಎದ್ದು ನಡೆಯಬಹುದಿತ್ತು. ಹೊಗಳಿಕೆ ಅತಿಯಾದರೆ ಎದ್ದು ಹೋಗುವ ಅಭ್ಯಾಸ ಅವರಿಗಿತ್ತು. ಶಾಮಿಯಾನದ ಗಳ ಮುಖ್ಯ ಅತಿಥಿಗಳ ತಲೆಯ ಮೇಲೆ ಬೀಳಬಹುದಿತ್ತು, ಅದಕ್ಕೂ ನಾನೇ ಕಾರಣನೆಂದು ಯಾರಾದರೂ ಅನ್ನಬಹುದಿತ್ತು. ಆದರೆ ಇದಿಷ್ಟೂ ಕೆಡಬೇಕಾದರೆ ನಾನು ಮೊದಲು ಮಾನಪತ್ರವನ್ನು ಬರೆದು ಮುಗಿಸಬೇಕಿತ್ತಲ್ಲ, ಅದೇ ಆಗುವ ಲಕ್ಷಣವಿರಲಿಲ್ಲ.

ಮೊನ್ನೆ ಅಂಚೆ ಕಚೇರಿಯಲ್ಲಿ ನನ್ನ ಮುಂದೆ ನಿಂತವರೊಬ್ಬರ ಪಾರ್ಸೆಲ್ಲಿಗೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ಬಡಿದಿದ್ದೇ ತಡ, ಹಳೆಯ ಚಿಂತೆಗಳೆಲ್ಲ ಸಾಲುಗಟ್ಟಿ ಬಂದು ನಿಂತವು. ಚಿಂತೆಯ ವಿಷಯದಲ್ಲಿ ನನ್ನ ನೆನಪಿನ ಶಕ್ತಿ ಚೆನ್ನಾಗಿದೆ. ಸುಖದ ವಿಷಯದಲ್ಲಿ ಅಷ್ಟಕ್ಕಷ್ಟೆ.

ಕೃಷ್ಣೆಯ ಹಿನ್ನೀರು ಬಂದು ಕೊಲ್ಹಾರದ ಜನ ಹಳೆಯ ಊರು ಬಿಟ್ಟು ಹೊಸ ಊರಿಗೆ ಹೋದ ಕಾಲ ಅದು. ಇಂಡಿಯಲ್ಲಿ ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ನಮ್ಮ ಹೆಡ್‌ಮಾಸ್ತರು ಕೊಲ್ಹಾರದವರು. ಅವರ ನಿವೃತ್ತಿ ಹತ್ತಿರ ಬಂದಿತ್ತು. ನಮ್ಮ ಕಡೆ ಮಾಸ್ತರರು ನಿವೃತ್ತರಾದರೆ ಶಾಲು, ಹಾರ, ಗಾಜು ಹಾಕಿಸಿದ ಒಂದು ಮಾನಪತ್ರ, ಇಷ್ಟು ತಪ್ಪುವುದಿಲ್ಲವೆಂದು ನಿಮಗೂ ಗೊತ್ತು. ಮಾನಪತ್ರಗಳೆಲ್ಲ ಒಂದೇ ಅಚ್ಚಿನವು. ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ಹೆಸರು ಹೇಳಿದರೆ ಸಾಕು, ಉಳಿದ ಗುಣಗಳನ್ನು ಅವರೇ ಹಾಕಿ ಕೊಡುತ್ತಾರೆ. ಎಲ್ಲರೂ ಜ್ಞಾನದ ಸಾಗರ, ಎಲ್ಲರೂ ಕರುಣೆಯ ಕಡಲು.

ಹೆಡ್‌ಮಾಸ್ತರು ಸ್ಟಾಫ್ ರೂಮಿಗೆ ಬಂದು ಹೇಳಿದ್ದರು: "ನೋಡ್ರಿ ಸರ, ಹಳೇ ಮನ್ಯಾಗಿಂದ ಗೋಡಿಗೆ ಹಾಕೂವಂಥದ್ದು ನಾವೇನೂ ತರಲಿಲ್ಲ. ಹೊಸ ಮನ್ಯಾಗ ಮೊದಲನೇ ಮೊಳಿ ನಿಮ್ಮ ಮಾನಪತ್ರಕ್ಕ ಬಡೀತೇನಿ. ಸಾಗರ, ಕಡಲು ಅಂತೆಲ್ಲಾ ಬರೀಬ್ಯಾಡ್ರಿ. ನೀರಾಗ ಮನಿ ಕಳಕೊಂಡಾವ ನಾ. ಖರೇ ಇದ್ದದ್ದು ಬರೀರಿ, ಇಲ್ಲಂದ್ರ ಶಾಲು ಹೊಚ್ಚಿ ಕಳಸ್ರಿ, ಸಾಕು."

ಹೇಳಿ ಹೋಗಿಬಿಟ್ಟರು. ಒಬ್ಬ ಮನುಷ್ಯನ ಬರಿಗೋಡೆ ನನ್ನ ಪಾಲಿಗೆ ಬಂತು.

ನನ್ನ ರೋಗ ಏನೆಂದು ಹೇಳಬೇಕು. ಜೇಬಿನಲ್ಲಿ ನನಗೆ ಯಾವಾಗಲೂ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಹುಡುಗರ ನೋಟ್‌ಬುಕ್ಕು ತಿದ್ದಿ ತಿದ್ದಿ ಕೈಗೆ ಎಂಥ ಚಟ ಹತ್ತಿತ್ತೆಂದರೆ, ನೀಲಿಯಲ್ಲಿ ಅರ್ಧ ವಾಕ್ಯ ಬರೆಯುವಷ್ಟರಲ್ಲಿ ಕೆಂಪು ಪೆನ್ನು ತಾನೇ ಎದ್ದು ಬಂದು ಅದರ ಮೇಲೆ ಗೀಟು ಎಳೆಯುತ್ತಿತ್ತು. 'ಪೂಜ್ಯ ಗುರುಗಳೇ' ಎಂದು ಬರೆದೆ. 'ಪೂಜ್ಯ' ಹೊಡೆದೆ. 'ಮಾನ್ಯ' ಎಂದೆ. ಅದು ಸರಕಾರಿ ಅರ್ಜಿಯಂತೆ ಕಂಡಿತು, ಹೊಡೆದೆ. ಹಾಳೆಗಳು ಮುಗಿದವು. ಹೆಂಡತಿ ಕಸ ಗುಡಿಸುತ್ತ, "ನಿಮ್ಮ ಹೆಡ್‌ಮಾಸ್ತರ್‌ರನ್ನ ಎಷ್ಟ್ ಸಲ ಹರದು ಒಗೀತೀರಿ?" ಎಂದಳು. ನಾನು ಗಂಭೀರವಾಗಿ, ಸಾಹಿತ್ಯ ಹೀಗೇ ಹುಟ್ಟುವುದು ಎಂದೆ. "ಹುಟ್ಟಿದ್ದು ಕಾಣವಲ್ದು, ಸತ್ತದ್ದಷ್ಟ ಬಳ್ಯಾಕತ್ತೇನಿ" ಎಂದು ಆಕೆ ಬುಟ್ಟಿ ಎತ್ತಿಕೊಂಡು ಹೋದಳು.

ನಮ್ಮ ಪಿ.ಟಿ. ಮಾಸ್ತರ ಲಾಳೇಸಾಬ ನನ್ನ ಗೆಳೆಯ. ಕೊರಳಲ್ಲಿ ಸದಾ ಸೀಟಿ. ಮದುವೆಗೆ ಹೋದರೂ ಅದನ್ನು ತೆಗೆಯುತ್ತಿರಲಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಪ್ರೆಸ್ಸಿಗೆ ಹೋಗಿ ಅಚ್ಚಿನ ಮಾನಪತ್ರವನ್ನೇ ತಂದುಬಿಡೋಣ, ನನ್ನಿಂದ ಆಗದು ಎಂದು ಅವನ ಮುಂದೆ ಕೈಚೆಲ್ಲಿದೆ.

"ಸರ, ಎಸ್ಸೆಸ್ಸೆಲ್ಸಿ ಹುಡುಗೂರು ಪರೀಕ್ಷಾ ಎಲ್ಲಿ ಬರೀತಾರ?"

"ಇಲ್ಲೇ."

"ಪೇಪರ್ ತಪಾಸ ಎಲ್ಲಿ ಮಾಡ್ತಾರ?"

"ಬೇರೆ ಊರಾಗ."

"ಬರಿಯಾವ್ನ ಬಾಜೂಕ ತಪಾಸ ಮಾಡಾವ್ನ ಕುಂದರ್ಸಿದ್ರ ಯಾವ ಮಗಾ ಪಾಸ್ ಆಕ್ಕಾನ್ರಿ? ನಿಮ್ಮೊಳಗಿನ ಆ ಇಬ್ಬರೂ ಒಂದ ಬೆಂಚಿನ್ಯಾಗ ಕುಂತಾರ. ಏಳ್ರಿ, ಆ ಕೆಂಪ್ ಪೆನ್ ಇತ್ತ ಕೊಡ್ರಿ."

ಶಾಲೆ ಬಿಟ್ಟ ಮೇಲೆ ಖಾಲಿ ವರ್ಗದಲ್ಲಿ ನನ್ನನ್ನು ಹುಡುಗರ ಬೆಂಚಿಗೆ ಕೂರಿಸಿದ. ಮೊಳಕಾಲು ಡೆಸ್ಕಿಗೆ ತಾಗುತ್ತಿತ್ತು. ಲಾಳೇಸಾಬ ಸೂಪರ್‌ವೈಜರನಂತೆ ಕೈ ಹಿಂದೆ ಕಟ್ಟಿ ತಿರುಗಾಡತೊಡಗಿದ. ನಾನು ಮೊದಲ ಸಾಲು ಬರೆದು ಚಟದಂತೆ ನೀಲಿಯಲ್ಲೇ ಅದರ ಮೇಲೆ ಗೀಟು ಎಳೆದೆ. ಅವನು ನನ್ನ ಕಿವಿಯ ಹತ್ತಿರವೇ ಸೀಟಿ ಊದಿದ. ಬೆಚ್ಚಿ ಮೊಳಕಾಲನ್ನು ಡೆಸ್ಕಿಗೆ ಬಡಿಸಿಕೊಂಡೆ.

"ಫೌಲ್! ಹೊಡಿಯಂಗಿಲ್ಲ. ಮುಂದ ನಡೀರಿ."

"ಈ ಸಾಲು ಕೆಟ್ಟೈತಿ ಮಾರಾಯಾ."

"ಕೆಟ್ಟೈತೋ ಚಲೋ ಐತೋ, ಅದನ್ನ ನೋಡಾವ ಬ್ಯಾರೆ ಊರಾಗ ಅದಾನ. ನಿಮಗ್ಯಾಕ ಅದರ ಉಸಾಬರಿ?"

ಬರೆದೆ. ಕೆಟ್ಟದ್ದು ಬರೆದೆ, ಅದಕ್ಕಿಂತ ಕೆಟ್ಟದ್ದು ಬರೆದೆ. ನಾಚಿಕೆಯಾಗುವಂಥ ಸಾಲುಗಳನ್ನೂ ಹಾಗೇ ಬಿಟ್ಟು ಮುಂದೆ ಹೋದೆ. ಹೋಗುತ್ತ ಹೋಗುತ್ತ ಕೈ ಸಡಿಲಾಯಿತು, ಬೈಯುವವನು ಊರಲ್ಲಿಲ್ಲ ಎಂಬ ಧೈರ್ಯ ಬಂತು. ಲಾಳೇಸಾಬ ಕೊನೆಯ ಸೀಟಿ ಊದಿ ಹಾಳೆಗಳನ್ನು ಕಸಿದುಕೊಂಡ. ಉತ್ತರ ಪತ್ರಿಕೆಗಳಂತೆಯೇ ದಾರ ಪೋಣಿಸಿ ಕಟ್ಟಿದ, ಕೆಂಪು ಪೆನ್ನನ್ನೂ ಒಳಗಿಟ್ಟು ಬಟ್ಟೆ ಸುತ್ತಿದ, ಪರೀಕ್ಷೆ ಮುಗಿದು ಉಳಿದಿದ್ದ ಅರಗು ಕರಗಿಸಿ ಮೊಹರು ಒತ್ತಿದ.

"ಶನಿವಾರ ಅತ್ತಿಮನಿಗೆ ಬಾಗೇವಾಡಿಗೆ ಹೊಂಟೀರಲ್ಲ, ಅಲ್ಲಿ ಬಿಚ್ರಿ. ಸಿಂದಗಿ ದಾಟೂದ್ರಾಗ ಬಿಚ್ಚಿದ್ರ ನಿಮ್ಮ ಪೇಪರ್ ರದ್ದು!"

ಬಸ್ಸಿನಲ್ಲಿ ಪಕ್ಕದವರು ಆ ಮೊಹರು ಕಂಡು, "ಪ್ರಶ್ನಾಪತ್ರಿಕೇನ್ರಿ ಸರ?" ಎಂದು ಪಿಸುಗುಟ್ಟಿ ಗೌರವದಿಂದ ಜರುಗಿ ಕೂತರು. ಅಲ್ಲವೆಂದೆ. ನಂಬಲಿಲ್ಲ. ಸಿಂದಗಿ ಸ್ಟ್ಯಾಂಡಿನಲ್ಲಿ ಬಿಚ್ಚುವ ಆಸೆಯೇನೋ ಆಯಿತು. ಅವರು ನನ್ನನ್ನೇ ನೋಡುತ್ತಿದ್ದುದರಿಂದ ಮಾನ ಉಳಿಯಿತು.

ಬಸವನ ಬಾಗೇವಾಡಿಯಲ್ಲಿ ಅತ್ತೆ ಮನೆಯ ಕಟ್ಟೆಯ ಮೇಲೆ ಕೂತು ಬಿಚ್ಚಿದೆ. ವಿಚಿತ್ರವೆಂದರೆ, ಅದು ಯಾರೋ ಬಡಪಾಯಿ ಹುಡುಗನ ಪೇಪರಿನಂತೆ ಕಂಡಿತು. ಪೇಪರು ತಿದ್ದಲು ಕೂತಾಗ ನಾನು ಅಷ್ಟೇನೂ ಕಟುಕನಲ್ಲ. ಎಲ್ಲಿಯಾದರೂ ಒಂದು ಮಾರ್ಕು ಕೊಡಲು ಜಾಗ ಹುಡುಕುತ್ತೇನೆ. ನನ್ನ ಮೇಲೆ ಮಾತ್ರ ಆ ದಯೆ ತೋರಿಸಿರಲಿಲ್ಲ. ಮುಕ್ಕಾಲು ಪಾಲು ಹೊಡೆದು ಹಾಕಿದೆ, ಒಂದಿಷ್ಟೂ ಹೊಟ್ಟೆಯುರಿಯಲಿಲ್ಲ. ಸಾಲುಗಳ ನಡುವೆ ಒಂದು ಹೀಗಿತ್ತು: 'ನಮ್ಮ ಶಾಲೆಯ ಹರವಿಯ ನೀರನ್ನು ದಿನಾಲು ಬೆಳಿಗ್ಗೆ ಮಕ್ಕಳಿಗಿಂತ ಮೊದಲು ತಾವು ಕುಡಿದು ನೋಡಿದಿರಿ.' ನಿಜವೇ. ಪ್ರಾರ್ಥನೆಗೂ ಮುಂಚೆ ಅವರು ಒಂದು ಗ್ಲಾಸು ನೀರು ಕುಡಿದು, ಒಂದು ಕ್ಷಣ ನಿಂತು, ತಲೆಯಾಡಿಸುತ್ತಿದ್ದರು. ಇದನ್ನು ಬರೆದದ್ದು ನನಗೆ ನೆನಪೇ ಇರಲಿಲ್ಲ. ಬರೆಯುವಾಗ ಕೆಂಪು ಪೆನ್ನು ಪಕ್ಕದಲ್ಲಿದ್ದಿದ್ದರೆ, ನೀರು ಕುಡಿಯುವುದೂ ಒಂದು ಸಾಧನೆಯೇ ಎಂದು ಇದನ್ನು ಹುಟ್ಟುವ ಮೊದಲೇ ಕೊಂದುಬಿಡುತ್ತಿದ್ದೆ. ಆ ಸಾಲನ್ನು ಉಳಿಸಿ, ಅದರ ಜೊತೆ ನಿಲ್ಲಬಲ್ಲವನ್ನಷ್ಟೇ ಇಟ್ಟುಕೊಂಡೆ.

ಸಮಾರಂಭದಲ್ಲಿ ಮೈಕು ಹಾಡಿತು, ಗಳ ನಿಂತಲ್ಲೇ ನಿಂತಿತ್ತು, ಕನ್ನಡಕ ಮೂಗಿನ ಮೇಲೇ ಇತ್ತು. ನೀರಿನ ಸಾಲು ಬಂದಾಗ ಹೆಡ್‌ಮಾಸ್ತರು ಎದ್ದು ಹೋಗಲಿಲ್ಲ. ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಗ್ಗಿ, ಮುಂದಿನದನ್ನು ಕೇಳಿದರು.

ಕೆಲ ದಿನಗಳ ಮೇಲೆ ಹೊಸ ಕೊಲ್ಹಾರಕ್ಕೆ ಹೋಗಿದ್ದೆ. ಸುಣ್ಣ ಇನ್ನೂ ಕೈಗೆ ಹತ್ತುತ್ತಿದ್ದ ಗೋಡೆಯ ಮೇಲೆ ಮಾನಪತ್ರ ನೇತಾಡುತ್ತಿತ್ತು. ಅಲ್ಲಿ ನಿಂತು ಓದಿದಾಗ ಗೊತ್ತಾಯಿತು: ಹೆಡ್‌ಮಾಸ್ತರರ ಹೆಸರೇ ಅದರಲ್ಲಿಲ್ಲ. ಅದು ದೊಡ್ಡ ಅಕ್ಷರದಲ್ಲಿ ಬರಲೆಂದು ನನ್ನ ಹಾಳೆಯ ತಲೆಗೆ ಖಾಲಿ ಜಾಗ ಬಿಟ್ಟಿದ್ದೆ, ಸಮಾರಂಭದಲ್ಲಿ ಓದಿದ್ದೂ ಆ ಹಾಳೆಯನ್ನೇ. ಫ್ರೇಮಿಗೆ ಅಂದವಾಗಿ ನಕಲು ಬರೆದುಕೊಟ್ಟ ನಮ್ಮ ಡ್ರಾಯಿಂಗ್ ಮಾಸ್ತರು ಅದು ಚಿತ್ರಕ್ಕೆ ಬಿಟ್ಟದ್ದೆಂದು ತಿಳಿದು ನವಿಲು ಬರೆದಿದ್ದರು. ನಾನು ತಿದ್ದಿದ್ದು ಬರೆದ ಸಾಲುಗಳನ್ನು. ಬರೆಯದೆ ಬಿಟ್ಟದ್ದನ್ನು ತಿದ್ದುವ ಬುದ್ಧಿ ಬಂದಿರಲಿಲ್ಲ. ನನ್ನ ಮುಖ ನೋಡಿ ಹೆಡ್‌ಮಾಸ್ತರು ನಕ್ಕರು.

"ಅವತ್ತ ನೋಡೀನಿ ಬಿಡ್ರಿ ಸರ. ಓದಿದಾವ್ರಿಗೆ ಯಾರಂತ ಗೊತ್ತಾಕ್ಕೈತಿ. ನವಿಲೂ ಚಲೋ ಬಂದೈತಿ."

ಅಂದಿನಿಂದ ನಾನು ಏನು ಬರೆದರೂ ಇಂಡಿಯಲ್ಲಿ ಬರೆದು ಬಾಗೇವಾಡಿಯಲ್ಲಿ ತಿದ್ದುತ್ತೇನೆ. ಇದನ್ನೂ ಈಗಷ್ಟೇ ಬರೆದು ಮುಗಿಸಿದೆ. ಮಡಚುವಾಗ ಕಣ್ಣಿಗೆ ಬಿತ್ತು: ಇಷ್ಟುದ್ದ ಬರೆದರೂ ಅವರ ಹೆಸರು ಇಲ್ಲೂ ಬಂದಿಲ್ಲ. ಕೈ ಕೆಂಪು ಪೆನ್ನಿನ ಕಡೆ ಹೋಯಿತು. ಇರಲಿ, ಶನಿವಾರ ನೋಡಿದರಾಯಿತು.