ಗೋಣೆಪ್ಪನ ಕೆಂಪು ಮುಖ

ಗೋಣೆಪ್ಪ ತೀರಿಕೊಂಡ ಮೇಲೆ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ನನಗೆ ಕೂರಲಾಗುವುದಿಲ್ಲ. ಬಸ್ ಬರುವವರೆಗೆ ಆ ತುದಿಯಿಂದ ಈ ತುದಿಗೆ ಓಡಾಡುತ್ತೇನೆ. ಬಂದ ಮೇಲೂ ಡ್ರೈವರ್ ಹಿಂದಿನ ಸೀಟು ಬಿಟ್ಟು ಹಿಂದಕ್ಕೆ ಹೋಗುತ್ತೇನೆ. ಸಾಸ್ವೆಹಳ್ಳಿ ಹೈಸ್ಕೂಲಿಗೆ ಮೇಷ್ಟ್ರಾಗಿ ಸೇರಿದಂದಿನಿಂದ ಡ್ರೈವರ್ ಹಿಂದಿನ ಆ ಸೀಟೇ ನನ್ನ ಜಾಗವಾಗಿತ್ತು. ಎದುರಿಗೆ ಗೋಣೆಪ್ಪನ ಬೆನ್ನು.

ಅವನು ಹೊನ್ನಾಳಿಯಿಂದ ಸಾಸ್ವೆಹಳ್ಳಿ ಮೇಲೆ ಚನ್ನಗಿರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಹೆಂಗಸರು ತಮ್ಮ ಮಕ್ಕಳನ್ನು ಒಂಟಿಯಾಗಿ ಹತ್ತಿಸಿ, ಗೋಣೆಪ್ಪ ಇದ್ದಾನಲ್ಲ ಎಂದು ತಿರುಗಿ ನೋಡದೆ ಹೋಗುತ್ತಿದ್ದರು. ಡ್ರೈವರ್ ಅಂದರೆ ಕುಡಿಯುವವನೇ ಎಂದು ಜನ ಒಪ್ಪಿಕೊಂಡಿದ್ದ ಕಾಲ. ಕೊರಳಲ್ಲಿ ಲಿಂಗ ಕಟ್ಟಿದ ಇವನು ಒಂದು ಹನಿ ಮುಟ್ಟಿದವನಲ್ಲ. ಆ ಹೆಸರೇ ಅವನ ಆಸ್ತಿ.

೧೯೮೧ರ ಬೇಸಿಗೆಯಲ್ಲಿ ಅವನಿಗೆ ಎದೆ ಹಿಡಿದುಕೊಂಡಿತು. ದಾವಣಗೆರೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕೊಲೆಸ್ಟ್ರಾಲ್ ಹೆಚ್ಚಾಗಿದೆ ಎಂದು, ಅದನ್ನಿಳಿಸಲು ನಿಕೋಟಿನಿಕ್ ಆಮ್ಲದ ಮಾತ್ರೆ ಬರೆದರು. ದಿನಕ್ಕೆ ಮೂರು, ಹೊತ್ತಿಗೊಂದು, ಊಟದ ಜೊತೆ.

ಅದಾದ ಮೇಲೆ ಬೆಳಗಿನ ಟ್ರಿಪ್ಪಿನಲ್ಲಿ ಬಸ್ ಊರು ದಾಟುವಷ್ಟರಲ್ಲಿ ಅವನ ಕಿವಿ ಕೆಂಪಾಗತೊಡಗಿತು. ಆಮೇಲೆ ಕತ್ತು, ಕೆನ್ನೆ. ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಎದೆ ಕೆರೆದುಕೊಳ್ಳುತ್ತಿದ್ದ. ಕನ್ನಡಿಯಲ್ಲಿ ಆ ಮುಖ ಇಡೀ ಬಸ್ಸಿಗೆ ಕಾಣುತ್ತಿತ್ತು.

"ಏನ್ ಗೋಣೆಪ್ಪಾರೆ, ಹೊತ್ತು ಮೂಡಾಕೆ ಮುಂಚೇನೇ ತೀರ್ಥ ಆತೇನ್ರಿ?" ಅಂದ ಅಡಿಕೆ ವ್ಯಾಪಾರಿ ಮಹೇಶ್ವರಪ್ಪ. ಬಸ್ಸೆಲ್ಲ ನಕ್ಕಿತು. ಆ ಮಾತು ಮಾಲೀಕನ ಕಿವಿಗೂ ಹೋಯಿತು. ಇನ್ನೊಂದು ದೂರು ಬಂದರೆ ಸ್ಟೇರಿಂಗ್ ಬೇರೆಯವರಿಗೆ ಎಂದು ಅವನು ಹೇಳಿಕಳಿಸಿದ.

ಮನೆಯಲ್ಲಿ ಹೆಂಡತಿ ಶಂಕ್ರಮ್ಮ ಇದು ಪಿತ್ತದ ಗಂಧೆ ಎಂದು ತೀರ್ಮಾನಿಸಿ, ತವರೂರು ಜಗಳೂರಿನ ಕರಿಕಂಬಳಿ ಹೊದಿಸಿ ಮೈ ಉಜ್ಜಿದಳು. ಉರಿ ಇನ್ನೂ ಹೆಚ್ಚಾಯಿತು.

ಒಂದು ಭಾನುವಾರ ಅವನ ಮನೆಗೆ ಹೋಗಿದ್ದಾಗ ಕಾರಣ ಕಣ್ಣಿಗೆ ಬಿತ್ತು. ಪೂಜೆ ಮುಗಿಸಿದ ಗೋಣೆಪ್ಪ ಮೂರೂ ಮಾತ್ರೆಗಳನ್ನು ಲಿಂಗಕ್ಕೆ ತೋರಿಸಿ, ಪಾದೋದಕದ ಜೊತೆ ಖಾಲಿ ಹೊಟ್ಟೆಗೆ ಒಟ್ಟಿಗೇ ನುಂಗಿದ. ಲಿಂಗಕ್ಕೆ ಅರ್ಪಿಸದೆ ಅವನು ಏನನ್ನೂ ಬಾಯಿಗಿಡುವವನಲ್ಲ. ದಾರಿಯಲ್ಲಿ, ಡೀಸೆಲ್ ಹತ್ತಿದ ಕೈಯಲ್ಲಿ ಲಿಂಗ ಹಿಡಿಯಲು ಮನಸ್ಸು ಬಾರದೆ ಮೂರು ಹೊತ್ತಿನದನ್ನೂ ಬೆಳಿಗ್ಗೆಯೇ ಮುಗಿಸುತ್ತಿದ್ದ.

ನಾನೇ ದಾವಣಗೆರೆಗೆ ಕರೆದುಕೊಂಡು ಹೋದೆ. ಡಾಕ್ಟರು ಬೈಯಲಿಲ್ಲ. ಇದು ಅಲರ್ಜಿಯಲ್ಲ, ಮಾತ್ರೆಯ ಗುಣವೇ ಹೀಗೆ, ಖಾಲಿ ಹೊಟ್ಟೆಗೆ ಮೂರು ಬಿದ್ದರೆ ಯಾರೇ ಆದರೂ ಕೆಂಪಾಗುತ್ತಾರೆ ಎಂದರು. ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ ಅದು ಅಲರ್ಜಿ, ಆಗ ಮಾತ್ರೆ ನಿಲ್ಲಿಸಿ ಓಡಿ ಬರಬೇಕು. ಉಂಡ ಮೇಲೆ ಒಂದೊಂದೇ ತೆಗೆದುಕೊಂಡರೆ ಮೈ ನಿಧಾನವಾಗಿ ಒಗ್ಗಿಕೊಳ್ಳುತ್ತದೆ.

ಗೋಣೆಪ್ಪ ಬುತ್ತಿಯನ್ನೂ ಮಾತ್ರೆಗಳನ್ನೂ ಬೆಳಿಗ್ಗೆಯೇ ಲಿಂಗಕ್ಕೆ ತೋರಿಸಿಟ್ಟುಕೊಂಡು ಹಾಗೇ ಮಾಡಿದ. ಉರಿ ತಗ್ಗಿತು, ಆದರೆ ಕೆನ್ನೆಯ ಮೇಲೆ ಕೆಂಪು ಸ್ವಲ್ಪ ಉಳಿಯಿತು. ಅಷ್ಟೇ ಸಾಕಾಯಿತು. ಸಾಸ್ವೆಹಳ್ಳಿಯಲ್ಲಿ ಉಚ್ಚಂಗಮ್ಮ ಎಂಬ ಮುದುಕಿ ಮೊಮ್ಮಗಳನ್ನು ಹತ್ತಿಸಿದವಳು ಅವನ ಮುಖ ನೋಡಿ, ಹುಡುಗಿಯ ರಟ್ಟೆ ಹಿಡಿದು ಕೆಳಗಿಳಿಸಿಕೊಂಡಳು. ಬೈಯಲಿಲ್ಲ. ಮುಂದಿನ ಬಸ್ಸಿಗೆ ಕಳಿಸುತ್ತೇನೆ ಅಂದಳು.

ಆ ಸಂಜೆ ಅವನು ಹೇಳಿದ: "ಮಾತ್ರೆ ಬಿಟ್ಟೆ ಮೇಷ್ಟ್ರೇ."

ಇನ್ನು ಕೆಲವು ದಿನ ತಡೆದುಕೋ, ಇಲ್ಲವಾದರೆ ಬೇರೆ ಮಾತ್ರೆ ಕೇಳೋಣ ಎಂದೆ.

"ಅಷ್ಟರೊಳಗೆ ನನ್ ಬಸ್ ಹತ್ತಾಕೆ ಯಾರು ಬರ್ತಾರೆ? ಎದೆ ಒಳಗೈತೆ, ಯಾರಿಗೂ ಕಾಣಲ್ಲ. ಮುಖ ಎಲ್ಲಾರಿಗೂ ಕಾಣ್ತೈತೆ."

ಆ ಮಾತಿಗೆ ಇವತ್ತಿಗೂ ಉತ್ತರ ಹುಡುಕುತ್ತಲೇ ಇದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಓಡಾಡುವಾಗ ಒಂದೊಂದು ಹೊಳೆಯುತ್ತದೆ, ಯಾವುದೂ ಅವನ ಮಾತಿನ ಮುಂದೆ ನಿಲ್ಲುವುದಿಲ್ಲ.

ಕೆಂಪು ಹೋಯಿತು, ಜನ ಮರಳಿದರು. ಮರುವರ್ಷ ಮದುವೆ ದಿಬ್ಬಣವೊಂದನ್ನು ಸವಳಂಗಕ್ಕೆ ಕರೆದೊಯ್ಯುವಾಗ ನಾನೂ ಬಸ್ಸಿನಲ್ಲಿದ್ದೆ, ನನ್ನ ಸೀಟನ್ನು ಬೀಗರಿಗೆ ಬಿಟ್ಟು ಹಿಂದೆ ಕೂತಿದ್ದೆ. ನ್ಯಾಮತಿ ದಾಟಿದ ಮೇಲೆ ಬಸ್ ನಿಧಾನವಾಯಿತು. ಗೋಣೆಪ್ಪ ಅದನ್ನು ರಸ್ತೆಯ ಅಂಚಿಗೆ ತಂದು, ಬ್ರೇಕ್ ಹಾಕಿ, ಸ್ಟೇರಿಂಗ್ ಮೇಲೆ ತಲೆಯಿಟ್ಟ. ಒಬ್ಬರಿಗೂ ಪೆಟ್ಟಾಗಲಿಲ್ಲ. ನಾನು ಜನರ ನಡುವೆ ನುಗ್ಗಿ ಮುಂದೆ ಬರುವಷ್ಟರಲ್ಲಿ ದಿಬ್ಬಣದವನೊಬ್ಬ ಬಗ್ಗಿ ಅವನ ಬಾಯಿ ಮೂಸುತ್ತಿದ್ದ. ವಾಸನೆ ಇಲ್ಲ ಎಂದು ಅವನು ಹೇಳಿದ ಮೇಲೆಯೇ ಯಾರೋ ನೀರಿಗೆ ಓಡಿದರು. ಗೋಣೆಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಮಾತ್ರೆ ನುಂಗಿದ್ದರೆ ಉಳಿಯುತ್ತಿದ್ದನೇ ಎಂದು ಆಮೇಲೊಂದು ದಿನ ದಾವಣಗೆರೆಗೆ ಹೋಗಿ ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು.

ಮಣ್ಣು ಮಾಡಿ ಬಂದ ಸಂಜೆ ಶಂಕ್ರಮ್ಮ ನನ್ನನ್ನು ಪಕ್ಕಕ್ಕೆ ಕರೆದಳು.

"ಬಾಯಿ ಮೂಸಿ ನೋಡಿದ್ರಂತೆ, ಹೌದೇನ್ರಿ?"

ಹೌದೆಂದೆ.

"ಏನಂದ್ರು?"

ವಾಸನೆ ಇಲ್ಲ ಅಂದರು ಎಂದೆ.

"ಎಲ್ಲಾರ ಮುಂದೆ ಅಂದ್ರಾ?"

ಎಲ್ಲರ ಮುಂದೆ ಎಂದೆ. ಅಷ್ಟಾದ್ರೂ ಆತಲ್ಲ ಎಂದು ಅವಳು ಒಳಗೆ ಹೋದಳು. ನನಗೆ ಅಷ್ಟು ಸಾಲುತ್ತಿಲ್ಲ.