ಬಂದೂಕದ ಬೀರುವಿನ ನಾತ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಸಿಟ್ಟು. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಹುಡುಗಿಯರು, "ಬಾವಿ ಹತ್ತಿರ ಬಿಳಿ ಬಟ್ಟೆಯವಳು ಓಡಾಡ್ತಾಳೆ" ಎಂದು ಕಿರುಚಿದರೆ, ನಮ್ಮ ಶಾಲೆಯಲ್ಲಿ ಬಿಳಿ ಬಟ್ಟೆ ಉಡದ ಸಿಸ್ಟರ್ ಯಾರಿದ್ದಾರೆ ಎಂದು ಕೇಳಿ ನಾನು ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಂಬಬೇಕೆಂದು ಕೇಳುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಈ ಸಂಗತಿಯನ್ನು ಹೇಳುವ ರೀತಿಯೇ ಬೇರೆ. ಅವರು ಹೇಳುವಾಗ ತಪ್ಪೆಲ್ಲ ನನ್ನದಾಗಿರುತ್ತದೆ, ಕೊನೆಯಲ್ಲಿ ಎಲ್ಲರೂ ನಗುತ್ತಾರೆ. ನಡೆದದ್ದು ಹಾಗಲ್ಲ ಎಂದು ಒಮ್ಮೆಯಾದರೂ ಬರೆದಿಡಬೇಕು.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ನಮ್ಮ ಹೊಸ ಮನೆ ಎದ್ದು ಇನ್ನೂ ಸುಣ್ಣದ ಹಸಿ ಆರಿರಲಿಲ್ಲ. ನನ್ನ ಮಾವನವರು ಹೊಸಕೆರೆಹಳ್ಳಿಯ ಕಡೆಯ ರೈತರು. ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ ಅತ್ತೆಯ ಜೊತೆ ನಮ್ಮಲ್ಲಿಗೇ ಬಂದಿದ್ದರು. ಬರುವಾಗ ಹಳ್ಳಿಯಿಂದ ಅವರು ತಂದದ್ದು ಒಂದು ನೇಗಿಲ ಗುಳ, ಒಂದು ನಶ್ಯದ ಡಬ್ಬಿ ಮತ್ತು ಜೋಡಿನಳಿಗೆಯ ಬಂದೂಕ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತಿದ್ದ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದಂತೆ. ಈಗ ಹೊಲವೂ ಇಲ್ಲ, ಹಂದಿಯೂ ಇಲ್ಲ. ಆದರೂ ಮಾವ ಪ್ರತಿ ಸೋಮವಾರ ಅಂಗಳದಲ್ಲಿ ಚಾಪೆ ಹಾಸಿ ಅದನ್ನು ಒರೆಸುತ್ತ ಕುಳಿತರೆ ಅವರ ಮುಖ ಹತ್ತು ವರ್ಷ ಚಿಕ್ಕದಾಗುತ್ತಿತ್ತು.

ಲೈಸೆನ್ಸ್ ನವೀಕರಣಕ್ಕೆ ಹೋದಾಗ, ಬಂದೂಕವನ್ನು ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿ ಇಡದಿದ್ದರೆ ಠಾಣೆಗೆ ಒಪ್ಪಿಸಬೇಕಾಗುತ್ತದೆ ಎಂದರಂತೆ. ನಮ್ಮ ಯಜಮಾನರು ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಂದು ಹರಾಜಿಗೆ ಹೋಗಿ, ಊರು ಬಿಟ್ಟು ಹೊರಟ ಯಾರೋ ಇಂಗ್ಲಿಷ್ ದೊರೆಯ ಬಂದೂಕದ ಬೀರುವನ್ನೇ ಹಿಡಿದು ತಂದರು. ಆಳೆತ್ತರದ ಕಪ್ಪು ಕಬ್ಬಿಣ. ಒಳಗೆ ಹಸಿರು ಉಣ್ಣೆಬಟ್ಟೆ ಅಂಟಿಸಿತ್ತು. ಎತ್ತಿನ ಗಾಡಿಯಿಂದ ಇಳಿಸಲು ಆರು ಜನ ಬೇಕಾಯಿತು. ಅಡಿಗೆಮನೆಗೂ ಮಾವನ ಕೋಣೆಗೂ ನಡುವಿನ ಓಣಿಯಲ್ಲಿ ನಿಲ್ಲಿಸಿದರು. ಅಂದರೆ ದಿನಕ್ಕೆ ನೂರು ಸಲ ಅದನ್ನು ದಾಟಿ ಓಡಾಡುವವಳು ನಾನು.

ಬಂದೂಕ ಒಳಗಿಟ್ಟ ಮೊದಲ ದಿನವೇ ನಾತ ಬಂತು. ಮೇಲೆ ಮೇಲೆ ಹಳೆಯ ಎಣ್ಣೆಯ ಕಮಟು, ಒದ್ದೆ ಕಂಬಳಿಯ ಮುಗ್ಗು. ಅದು ಸಹಜವೇ. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು, ನನಗೆ ಚೆನ್ನಾಗಿ ಗೊತ್ತಿದ್ದದ್ದು. ಶಾಲೆಯ ಪ್ರಾರ್ಥನಾ ಮಂದಿರದ ಹೂದಾನಿಗಳ ನೀರು ಬದಲಿಸುವ ಕೆಲಸ ಒಂದು ವರ್ಷ ನನ್ನ ಪಾಲಿಗಿತ್ತು. ರಜೆ ಮುಗಿಸಿ ಬಂದು ನೋಡಿದರೆ ಹೂವಿನ ದೇಟುಗಳು ಕೊಳೆತು, ನೀರು ಲೋಳೆಯಾಗಿ, ಸಿಹಿಸಿಹಿಯಾದ ಒಂದು ನಾತ ಏಳುತ್ತಿತ್ತು. ಅದೇ ನಾತ.

"ಬೀರುವಿನಿಂದ ಏನೋ ವಾಸನೆ ಬರ್ತಿದೆ ಅಲ್ವಾ?" ಎಂದೆ.

ಯಜಮಾನರು ಮೂಗು ಏರಿಸಿ ನೋಡಿ, "ಕಬ್ಬಿಣದ ವಾಸನೆ, ಇನ್ನೇನು" ಎಂದರು. ನಶ್ಯ ಏರಿಸುವ ಮಾವನನ್ನು ಕೇಳಿ ಉಪಯೋಗವಿಲ್ಲ. ಅತ್ತೆ ಬೀರುವಿನೊಳಗೆ ತಲೆಯನ್ನೇ ಹಾಕಿ, "ನಂಗೇನೂ ಬತ್ತಾ ಇಲ್ಲ ಕಣವ್ವ" ಎಂದರು. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯಾಕೆಯನ್ನು ಉಪಾಯವಾಗಿ ಓಣಿಗೆ ಕರೆದೊಯ್ದು ಕೇಳಿದೆ. "ಸಾಂಬ್ರಾಣಿ ಘಮ ಬರ್ತಿದೆ ಕಣ್ರೀ, ಎಷ್ಟು ಚೆನ್ನಾಗಿದೆ" ಎಂದು ಆಕೆ ಹೊರಟುಹೋದಳು. ನನಗೋ ಸೆರಗು ಮೂಗಿಗೆ ಹಿಡಿಯದೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಯಾರಿಗೂ ಬಾರದಿದ್ದರೇನು, ನನಗೆ ಬರುತ್ತದಲ್ಲ, ನಾನೇ ತೆಗೆಯುತ್ತೇನೆ ಎಂದು ಸೊಂಟ ಕಟ್ಟಿದೆ. ಬಿಸಿನೀರಿಗೆ ಸೋಡ ಹಾಕಿ ಉಜ್ಜಿದೆ. ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಹಂಡೆ ಒಲೆಯ ಇದ್ದಿಲನ್ನು ತಟ್ಟೆಯಲ್ಲಿಟ್ಟೆ, ಕಾಫಿ ಚರಟವನ್ನು ಒಣಗಿಸಿ ಇಟ್ಟೆ, ಬೇವಿನ ಸೊಪ್ಪಿನ ಹೊಗೆ ಹಾಕಿದೆ. ನಾತ ಬಟ್ಟೆಯಲ್ಲಿ ಅಡಗುತ್ತದೆ, ಗೋಡೆಯಲ್ಲಲ್ಲ ಎಂದು ನಮಗೆ ಮನೆವಾರ್ತೆ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು. ಅದು ನೆನಪಾಗಿ ಆ ಹಸಿರು ಉಣ್ಣೆಬಟ್ಟೆಯನ್ನೆಲ್ಲ ಚಾಕುವಿನಿಂದ ಕೆರೆದು ಕಿತ್ತು ಸುಟ್ಟೆ. ಅದರ ಹಿಂದೆ ಒಣಗಿದ ಅಂಟು, ತುಕ್ಕು ಬಿಟ್ಟರೆ ಏನೂ ಇರಲಿಲ್ಲ. ಮಾವನ ಜೊತೆ ಸೇರಿ ಬೀರುವನ್ನು ಉರುಳುಗಂಬಗಳ ಮೇಲೆ ಅಂಗಳಕ್ಕೆ ತಳ್ಳಿಸಿ ಮೂರು ದಿನ ಬಿಸಿಲು ಕಾಣಿಸಿದೆ. ನಾತ ಹೋಯಿತು. ಒಳಗೆ ತಂದು ಬಂದೂಕ ಇಟ್ಟು ಬೀಗ ಹಾಕಿದರು. ಅರ್ಧ ಗಂಟೆಯಲ್ಲಿ ಹೂದಾನಿಯ ನೀರು!

ಆಮೇಲೆ ಪರೀಕ್ಷಿಸಿ ನೋಡಿದೆ. ಖಾಲಿ ಬೀರುವಿಗೆ ನಾತವಿಲ್ಲ. ಹೊರಗಿಟ್ಟ ಬಂದೂಕಕ್ಕೂ ಇಲ್ಲ. ಎರಡೂ ಸೇರಿದರೆ ಮಾತ್ರ. ಇದನ್ನು ಯಜಮಾನರಿಗೆ ಹೇಳಿ ದೊಡ್ಡ ತಪ್ಪು ಮಾಡಿದೆ. ಊಟದ ಹೊತ್ತಿನಲ್ಲಿ ಅವರು ಅದನ್ನೇ ತಮಾಷೆಯಾಗಿ ಎತ್ತಿದರು.

"ಗೊತ್ತಾಯ್ತಾ ಅಪ್ಪಾ, ನಿಮ್ಮ ಬಂದೂಕ ಒಳಗಿದ್ರೆ ಇವಳಿಗೆ ನಾತವಂತೆ. ಹೊರಗೆ ಹೋದ್ರೆ ಇಲ್ವಂತೆ."

ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಅಂಗನ್ನು ಮತ್ತೆ! ನಾತ ಬೀರುಂದಲ್ಲ, ನಮ್ದು. ಕಾನ್ವೆಂಟ್ ಮೂಗು ಕಣಪ್ಪ, ಹೊಲದೋರ ಸಾಮಾನು ಅದಕ್ಕೆ ಆಗಿಬರಾಕಿಲ್ಲ."

ಓದುಗರೇ, ನಾನು ಆ ಮನೆತನಕ್ಕೆ ಸೊಸೆಯಾಗಿ ಬಂದು ಏಳು ವರ್ಷವಾಗಿತ್ತು. ಸಗಣಿ ಬಾಚಿದ್ದೇನೆ, ಮೀನು ಹಸನು ಮಾಡಿದ್ದೇನೆ, ಒಂದು ದಿನವೂ ಮೂಗು ಮುಚ್ಚಿದವಳಲ್ಲ. ಬಂದೂಕವನ್ನು ಹೊರಗೆ ಹಾಕಿಸಲು ನಾನು ಸುಳ್ಳು ನಾತ ಕಟ್ಟುತ್ತಿದ್ದೇನೆ ಎಂದು ನನ್ನ ಎಲೆಯ ಮುಂದೆಯೇ ತೀರ್ಮಾನವಾಯಿತು. ಮಾವ ಕೈ ತೊಳೆದು ಬಂದು, "ಬುಡು, ಸೊಸೆಗೆ ಆಗಲ್ಲ ಅಂದ್ರೆ ಯಾಕೆ. ಆಯುಧ ಪೂಜೆ ಒಂದು ಕಳೀಲಿ, ಠಾಣೆಗೆ ಕೊಟ್ಟುಬುಡ್ತೀನಿ" ಎಂದರು. ಅವರ ದನಿಯಲ್ಲಿ ಕೋಪವಿದ್ದಿದ್ದರೆ ನಾನು ಎದುರಾಡುತ್ತಿದ್ದೆ. ಇರಲಿಲ್ಲ. ಅಂದಿನಿಂದ ಅತ್ತೆ ನನ್ನೊಡನೆ ಬೇಕಾದಷ್ಟೇ ಮಾತಾಡಿದರು. ಮುದುಕನ ಬಂದೂಕ ಬಿಡಿಸಿದ ಸೊಸೆ ನಾನು.

ಆಯುಧ ಪೂಜೆಯ ದಿನ ಬೆಳಿಗ್ಗೆ ಬೀರು ತೆಗೆದಾಗ ಉಸಿರು ಬಿಗಿ ಹಿಡಿದು ನಿಂತಿದ್ದವಳು ಮೆಲ್ಲಗೆ ಒಮ್ಮೆ ಮೂಸಿದೆ. ನಾತವಿಲ್ಲ. ನನಗೇ ಆಶ್ಚರ್ಯ. "ಇವತ್ತು ಹೆಂಗವ್ವಾ?" ಎಂದು ಅತ್ತೆ ಕೇಳಿದರು. "ಏನೂ ಬರ್ತಿಲ್ಲ ಅತ್ತೆ" ಎಂದೆ. ಅವರು ಗಂಡನ ಕಡೆ ತಿರುಗಿ ಒಂದು ನಗೆ ನಕ್ಕರು. ನೋಡಿದೆಯಾ ಎಂಬಂಥ ನಗೆ. ಕಚೇರಿಯ ಸೈಕಲ್ಲು, ನನ್ನ ಹೊಲಿಗೆ ಯಂತ್ರ, ಈಳಿಗೆಮಣೆ, ನೇಗಿಲ ಗುಳ ಎಲ್ಲದರ ನಡುವೆ ಬಂದೂಕವನ್ನು ಬೀರುವಿಗೆ ಒರಗಿಸಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು ಪೂಜೆಯಾಯಿತು. ಊಟಕ್ಕೆ ಹಳ್ಳಿಯಿಂದ ಮಾವನ ತಮ್ಮ, ಅಂದರೆ ಚಿಕ್ಕಮಾವ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದಿದ್ದರು.

ಮಾವನದೊಂದು ಪದ್ಧತಿಯಿತ್ತು. "ಪೂಜೆ ಮಾಡ್ಸ್ಕೊಂಡ ಬಂದೂಕ ಒಂದ್ಸಲ ಬಾಯಿ ಬುಡ್ಬೇಕು" ಎನ್ನುತ್ತಿದ್ದರು. ಪ್ರತಿ ವರ್ಷ ಸಂಜೆ ಹೊಲದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು. ನಮ್ಮ ಮನೆಯ ಹಿಂದೆ ಆಗ ಬನಶಂಕರಿಯ ಕಡೆಗೆ ಬರೀ ಲಂಟಾನದ ಬಯಲು. ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಹಿತ್ತಲ ಬೇಲಿಯ ಹತ್ತಿರ ಹೋದರು. ಇದೇ ಕಡೆಯದೆಂದು ಎಲ್ಲರಿಗೂ ಗೊತ್ತಿತ್ತು. ನಾನು ಮಾತ್ರ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ದೂರ ನಿಂತಿದ್ದೆ.

ಮಾವ ತೋಟಾ ತುಂಬಿದರು. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿಯೇ ತುಂಬುವ ಮನುಷ್ಯ. ಅಂದು ನೋಡಲಿಲ್ಲ. ಎರಡು ದಿನದ ಹಿಂದೆ ತಾವೇ ಒರೆಸಿ ಬೀಗ ಹಾಕಿದ್ದರು, ಬೀಗದ ಕೈ ಅವರ ಉಡಿದಾರದಲ್ಲೇ ಇರುತ್ತಿತ್ತು. ಬಂದೂಕ ಎತ್ತಿ ಭುಜಕ್ಕೆ ಇಟ್ಟರು.

ಆಗ ಬಂತು. ಗಾಳಿ ನನ್ನ ಬೆನ್ನ ಹಿಂದಿನಿಂದ ಬೀಸುತ್ತಿತ್ತು, ನನ್ನ ಸೆರಗು ಅವರ ಕಡೆಗೇ ಹಾರುತ್ತಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ. ಆದರೂ ಎದುರಿನಿಂದ, ಮಾವ ನಿಂತ ಕಡೆಯಿಂದ, ಕೊಳೆತ ಹೂದಾನಿಯ ನೀರು ಮುಖಕ್ಕೆ ಎರಚಿದಂತೆ ಆ ನಾತ ಬಂತು. ಬೀರುವಿನಲ್ಲಿ ಎಂದೂ ಅಷ್ಟು ಜೋರಾಗಿರಲಿಲ್ಲ. ಏನು ಯೋಚಿಸಿದೆನೋ ಗೊತ್ತಿಲ್ಲ. "ಮಾವ, ಬೇಡ!" ಎಂದು ಕೂಗಿಕೊಂಡು ಓಡಿ, ಅವರ ಕೈಯಲ್ಲಿದ್ದ ಬಂದೂಕದ ನಳಿಗೆಯನ್ನು ಎರಡೂ ಕೈಯಿಂದ ಹಿಡಿದುಬಿಟ್ಟೆ. ಕುಂಕುಮ ನನ್ನ ಅಂಗೈಗೆಲ್ಲ ಮೆತ್ತಿಕೊಂಡಿತು, ಹಾರ ಹರಿದು ಬಿತ್ತು.

"ಥೂ, ಏನವ್ವಾ ಇದು!" ಎಂದು ಚಿಕ್ಕಮಾವ ಹಾರಿಬಂದರು. "ಪೂಜೆ ಆದ ಬಂದೂಕಕ್ಕೆ ಕೈ ಹಾಕ್ತೀಯಾ? ಗುಂಡು ಹಾರಿದ್ರೆ?"

"ನಾತ ಬರ್ತಿದೆ" ಎಂದೆ.

ಅತ್ತೆ ಹಣೆ ಚಚ್ಚಿಕೊಂಡರು. ಯಜಮಾನರು ನನ್ನ ತೋಳು ಹಿಡಿದು, "ನಡಿ ಒಳಗೆ, ಮಾನ ಕಳೀಬೇಡ" ಎಂದರು. ಮಾವ ಮಾತ್ರ ನನ್ನ ಮುಖ ನೋಡಿದರು. ಆಮೇಲೆ ಬಂದೂಕವನ್ನು ಮಡಚಿ, ತೋಟಾ ಹೊರಗೆ ತೆಗೆದು, ನಳಿಗೆಗಳನ್ನು ಮುಳುಗುವ ಸೂರ್ಯನ ಕಡೆಗೆ ಹಿಡಿದರು. ಒಂದು ನಳಿಗೆಯಲ್ಲಿ ಬೆಳಕು ದುಂಡಗೆ ಕಂಡಿತು. ಇನ್ನೊಂದು ಕತ್ತಲು. ಒರೆಸುವ ಕಡ್ಡಿಯಿಂದ ದೂಡಿದಾಗ ಹಳೆಯ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿದ ಲಾವಂಚದ ಬೇರಿನ ಕಟ್ಟು ನೆಲಕ್ಕೆ ಬಿತ್ತು. ನಳಿಗೆ ಕಟ್ಟಿದ ಬಂದೂಕ ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ, ಹಿಡಿದವನ ಕೈಯೋ ಕಣ್ಣೋ ಜೀವವೋ ಹೋಗುತ್ತದೆ ಎಂದು ಅಲ್ಲಿದ್ದ ಗಂಡಸರಿಗೆಲ್ಲ ಗೊತ್ತಿತ್ತು.

ಇಟ್ಟದ್ದು ಅತ್ತೆ. ಹಿಂದಿನ ದಿನ ಮಾವ ಎಣ್ಣೆಸ್ನಾನಕ್ಕೆ ಕುಳಿತಾಗ ಬೀಗದ ಕೈ ತೆಗೆದುಕೊಂಡು, ಸೀರೆ ಪೆಟ್ಟಿಗೆಯಲ್ಲಿಡುವ ಲಾವಂಚವನ್ನು ಸುತ್ತಿ ಆ ತೂತಿಗೆ ತುರುಕಿದ್ದರು. ನಾತ ಹೋಯಿತು ಅಂದರೆ ಗಂಡನ ಬಂದೂಕ ಉಳಿಯುತ್ತದೆ ಎಂಬ ಆಸೆ. ಪಾಪ, ಕುಸಿದು ಕುಳಿತು ಅತ್ತರು. ಅಳು ನಿಂತ ಮೇಲೆ ಅವರು ಹೇಳಿದ ಮೊದಲ ಮಾತು, "ಇವ್ಳು ನಾತ ನಾತ ಅನ್ನದಿದ್ರೆ ನಾನ್ಯಾಕೆ ಇಡ್ತಿದ್ದೆ?"

ಎಲ್ಲರೂ ತಲೆಯಾಡಿಸಿದರು. ಹೌದಲ್ಲ! ಯಜಮಾನರು ಕೂಡ. ಅರ್ಧ ಗಂಟೆಯ ಹಿಂದೆ ನಾನು ಮಾನ ಕಳೆದವಳು, ಈಗ ಮಾವನ ಜೀವಕ್ಕೇ ಕುತ್ತಾಗಲಿದ್ದವಳು. ತಡೆದವಳು ಯಾರು, ಏಕೆ ತಡೆದಳು ಎಂದು ಒಬ್ಬರಾದರೂ ಕೇಳಬೇಡವೇ? ಆ ಲಾವಂಚದ ಕಟ್ಟನ್ನು ಎತ್ತಿ ಮೂಸಿ ನೋಡಿದೆ. ಲಾವಂಚದ ವಾಸನೆಯೇ, ಬೇರೇನೂ ಇಲ್ಲ. ಬೀರುವನ್ನು ಮೂಸಿದೆ, ಬಂದೂಕವನ್ನೂ ಮೂಸಿದೆ. ಏನೂ ಇಲ್ಲ. ಅಂದಿನಿಂದ ಇಂದಿನವರೆಗೆ ಆ ನಾತ ಮತ್ತೆ ಬಂದಿಲ್ಲ. ನಾತವಿಲ್ಲದ್ದರಿಂದ ಬಂದೂಕವೂ ಮನೆಯಲ್ಲೇ ಉಳಿಯಿತು.

ಅವರೆಕಾಯಿಯ ಕಾಲ ಬಂತು. ಒಂದು ಬೆಳಿಗ್ಗೆ ಅಂಗಳದಲ್ಲಿ ಕಾಯಿ ಸುಲಿಯುತ್ತ ಕುಳಿತಿದ್ದೆ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಮಾವ ಬಂದು ಎದುರಿಗೆ ಕುಳಿತು ತಾವೂ ಹಿಡಿಕಾಯಿ ತೆಗೆದುಕೊಂಡರು.

"ತಾಯೀ, ಆ ನಾತ... ಎಂಗಿತ್ತು ಅಂದೆ?"

"ಹೂದಾನಿಯಲ್ಲಿ ಹೂ ಕೊಳೆತ ನೀರಿನ ಹಾಗೆ, ಮಾವ."

ಅವರು ಒಂದು ಕಾಯಿ ಸುಲಿದರು, ಇನ್ನೊಂದು ಸುಲಿದರು. "ಊಂ. ಅಂಗೇ ಇತ್ತು."

ನನ್ನ ಕೈ ನಿಂತಿತು. "ನಿಮಗೂ ಬಂತಾ?"

"ಭುಜಕ್ಕೆ ಇಕ್ಕಿದಾಗ. ನೀನು ಕೂಗೋಕೆ ಮುಂಚೇನೇ. ನಶ್ಯ ಏರ್ಸಿ ಏರ್ಸಿ ಒಗ್ಗರಣೆ ಘಾಟು ಕೂಡ ಕಾಣದ ಮೂಗು ಕಣವ್ವ ಇದು."

"ಮತ್ತೆ ಅವತ್ತು ಎಲ್ಲರೂ ನನ್ನನ್ನ ಆಡಿಕೊಳ್ಳುವಾಗ ಒಂದು ಮಾತು ಹೇಳಬಾರದಿತ್ತಾ, ಮಾವ?"

ಮಾವ ಬೀರುವಿದ್ದ ಓಣಿಯ ಕಡೆ ನೋಡಿದರು. "ಹೇಳಿದ್ರೆ ನಿಮ್ಮತ್ತೆ ಆ ಬೀರೂನ ಅವತ್ತೇ ಬೀದಿಗೆ ಎಳೆಸೋಳು. ಬೀರು ಹೋದ್ರೆ ಬಂದೂಕ ಹೋಯ್ತದೆ. ಯಾರಿಗೂ ಅನ್ಬ್ಯಾಡ."

ಅನ್ನಲಿಲ್ಲ. ಅವರಿರುವವರೆಗೆ ಅನ್ನಲಿಲ್ಲ. ನನ್ನ ಮಾತಿಗೆ ಇದ್ದ ಒಬ್ಬರೇ ಸಾಕ್ಷಿ, ಬಂದೂಕಕ್ಕಾಗಿ ನನ್ನ ಮಾತನ್ನು ಬಿಟ್ಟುಕೊಟ್ಟರು. ಒಳ್ಳೆಯ ಮನುಷ್ಯ, ನನ್ನನ್ನು ತಾಯಿ ಎಂದೇ ಕರೆದವರು. ಆ ಸಿಟ್ಟು ಮಾತ್ರ ನನಗೆ ಇನ್ನೂ ಇಳಿದಿಲ್ಲ. ಅವರು ತೀರಿಕೊಂಡ ಮೇಲೆ ಬಂದೂಕ ಠಾಣೆಗೆ ಹೋಯಿತು. ಈಗ ಹೇಳಿದರೆ, "ಅಪ್ಪ ಇಲ್ಲವಲ್ಲ, ಏನು ಬೇಕಾದರೂ ಹೇಳು" ಎಂದು ಯಜಮಾನರು ನಗುತ್ತಾರೆ.

ಬೀರು ಇನ್ನೂ ಅದೇ ಓಣಿಯಲ್ಲಿದೆ, ಒಳಗೆ ರಗ್ಗು ಕಂಬಳಿ ತುಂಬಿದ್ದೇನೆ. ಆಯುಧ ಪೂಜೆಯ ದಿನ ಅದಕ್ಕೆ ಕುಂಕುಮ ಇಡುವ ಕೆಲಸ ಈಗ ನನ್ನದು. ಪ್ರತಿ ವರ್ಷ ಬಟ್ಟಲು ಹಿಡಿದು ಅದರ ಮುಂದೆ ನಿಂತಾಗ ಅದೇ ಪ್ರಶ್ನೆ. ಆ ನಾತ ಬಂದದ್ದರಿಂದಲ್ಲವೇ ಲಾವಂಚ ನಳಿಗೆ ಸೇರಿದ್ದು? ಆ ನಾತ ಬಂದದ್ದರಿಂದಲ್ಲವೇ ಮಾವ ಉಳಿದದ್ದು? ಕೊಲ್ಲಲು ಬಂದಿತ್ತೋ, ಕಾಯಲು ಬಂದಿತ್ತೋ ನನಗೆ ತಿಳಿದಿಲ್ಲ. ಕೈಮುಗಿಯಬೇಕೋ ಬೈಯಬೇಕೋ ತಿಳಿಯದೆ, ಬಾಗಿಲನ್ನು ಪೂರಾ ತೆರೆದು, ಒಮ್ಮೆ ಉಸಿರೆಳೆದು ನೋಡಿ, ಆಮೇಲೇ ಕುಂಕುಮ ಇಡುತ್ತೇನೆ.