ಹಾಲಿನಲ್ಲಿ ಕಂಡ ಚುಕ್ಕಿ

ವೀಕ್ಷಣಾಲಯದಲ್ಲಿ ಅವಳನ್ನು ಎಲ್ಲರೂ ಚುಕ್ಕಿಯಮ್ಮ ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ಗಾಜಿನ ಫಲಕ ತೊಳೆಯಲು ಸೇರಿದವಳು, ಬರಬರುತ್ತ ಅವನ್ನು ನೋಡುವವಳಾದಳು. ಆಕಾಶದ ಚಿತ್ರಗಳನ್ನು ಆಗ ಗಾಜಿನ ಮೇಲೆ ತೆಗೆಯುತ್ತಿದ್ದರು. ನಕ್ಷತ್ರಗಳು ಅಲ್ಲಿ ಕಪ್ಪು ಚುಕ್ಕಿಗಳು. ಹೆಚ್ಚು ಬೆಳಗಿದಷ್ಟೂ ಚುಕ್ಕಿ ದಪ್ಪ. ಬೇರೆ ಬೇರೆ ರಾತ್ರಿಯ ಎರಡು ಗಾಜುಗಳನ್ನು ಯಂತ್ರಕ್ಕೆ ಹಾಕಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಮಸೂರಕ್ಕೆ ಒತ್ತಿ ಹಿಡಿ ತಿರುಗಿಸಿದರೆ ಅವು ಒಂದಾದ ಮೇಲೊಂದು ಕಾಣುತ್ತವೆ. ಯಾವ ಚುಕ್ಕಿ ಸಣ್ಣದು ದೊಡ್ಡದು ಆಗುತ್ತದೋ ಅದು ಕಾಂತಿ ಬದಲಿಸುವ ನಕ್ಷತ್ರ. ಗೋಳಗುಚ್ಛವೆಂದರೆ ಲಕ್ಷಾಂತರ ನಕ್ಷತ್ರಗಳ ಜೇನುಗೂಡು. ಅದರೊಳಗಿಂದ ಅಂಥದ್ದನ್ನು ಹೆಕ್ಕುವುದರಲ್ಲಿ ಅವಳದು ಎತ್ತಿದ ಕೈ. ಮಿಣುಕುತ್ತೆ ಅಥವಾ ಮಿಣುಕಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದಳು. ಅವಳು ಹೇಳಿದ ಮೇಲೆ ಇನ್ನೊಬ್ಬರು ನೋಡುವ ಪದ್ಧತಿ ಇರಲಿಲ್ಲ. ಅದರ ಬಗ್ಗೆ ಅವಳಿಗೆ ಜಂಭವೂ ಇತ್ತು.

ಆ ವರ್ಷ ಒಂದು ಗುಚ್ಛದ ನಡುವೆ, ಮಿಣುಕಬಾರದ ಬಣ್ಣದ ನಕ್ಷತ್ರವೊಂದು ಮಿಣುಕಿತು. ಗುಚ್ಛದವೆಲ್ಲ ಒಟ್ಟಿಗೇ ಹುಟ್ಟಿದವು ಎಂಬುದು ಎಲ್ಲರ ನಂಬಿಕೆ. ಅಲ್ಲಿ ಎರಡು ತಲೆಮಾರುಗಳಿವೆ ಎಂಬುದು ವೀಕ್ಷಣಾಲಯದ ಮುಖ್ಯಸ್ಥರ ಗುಮಾನಿ; ಆ ಬಣ್ಣದ್ದು ಮಿಣುಕಿದರೆ ಅದು ಬೇರೆ ಕಾಲದಲ್ಲಿ ಹುಟ್ಟಿದ್ದೆಂದು ಅರ್ಥ. ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವ ಅವರು, ಅವಳ ಮಾತು ನಂಬಿ ಲೇಖನವನ್ನೇ ಬರೆದು ಮುಗಿಸಿದರು.

ಒಂದು ಬೆಳಗ್ಗೆ ಹಾಲು ಕಾಸುವಾಗ ಪಾತ್ರೆಯಲ್ಲಿ ಕಪ್ಪು ಕಸ ಕಂಡಿತು. ಚಮಚದಿಂದ ಎತ್ತಿದಳು, ಬರಲಿಲ್ಲ. ಮತ್ತೆ ಅದ್ದಿದಳು.

"ಚಮಚಕ್ಕೆ ಈಜು ಕಲಿಸ್ತಿದ್ದೀಯೇನೇ?" ಎಂದ ಗಂಡ.

"ಕಸ ಬಿದ್ದಿದೆ ನೋಡಿ."

ಅವನು ಬಗ್ಗಿ ನೋಡಿದ. "ಎಲ್ಲಿ? ಏನೂ ಇಲ್ವಲ್ಲ."

ಬಲಗಣ್ಣು ಮುಚ್ಚಿದಳು. ಕಸ ಹೋಯಿತು. ಕಣ್ಣು ತೆರೆದು ಬಿಳಿ ಗೋಡೆ ನೋಡಿದಳು. ಕಸ ಅಲ್ಲಿಗೂ ತೇಲಿಕೊಂಡು ಬಂದು, ದೃಷ್ಟಿ ನೆಟ್ಟ ಕಡೆಗೆ ಮೆಲ್ಲಗೆ ಇಳಿದು ನಿಂತಿತು. ಆ ಚುಕ್ಕಿಯ ಗುರುತು ಅವಳಿಗೆ ಚೆನ್ನಾಗಿತ್ತು. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತು.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಅವಳ ಕಣ್ಣಿಗಿದ್ದ ಬೆಲೆ ಹೋಗುತ್ತಿತ್ತು. ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಭಯವಾಯಿತು.

"ಆ ನಕ್ಷತ್ರ ಮಿಣುಕೋದಿಲ್ಲ ಸರ್," ಎಂದು ಮುಖ್ಯಸ್ಥರಿಗೆ ಹೇಳಿದಳು. "ನನ್ನ ಕಣ್ಣೊಳಗಿನ ಕಸ ಆಗಾಗ ಅದರ ಮೇಲೆ ಕೂತ್ಕೊಳ್ತಿತ್ತು, ಆಗ ಚುಕ್ಕಿ ದಪ್ಪ ಕಾಣ್ತಿತ್ತು."

"ಇನ್ನೊಬ್ಬರೂ ನೋಡಿದ್ರೆ ಒಳ್ಳೇದಿತ್ತೇನೋ," ಎಂದು ಅವರು, ಯಾರನ್ನೂ ದೂರದೆ, ಲೇಖನವನ್ನು ಡ್ರಾಯರಿಗೆ ಹಾಕಿದರು.

"ಈ ವರ್ಷ ನಾನು ಗುರುತು ಹಾಕಿದ್ದನ್ನೆಲ್ಲ ಇನ್ನೊಬ್ಬರು ನೋಡ್ಬೇಕು," ಎಂದು ಕೇಳಿಕೊಂಡವಳೂ ಅವಳೇ.

ಆ ಕೆಲಸ ಪಕ್ಕದ ಮೇಜಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಅವಳ ತಂಗಿಯ ಮಗಳ ಪಾಲಿಗೆ ಬಂತು. ಅವಳಿಗೆ ಕಲಿಸಿದ್ದು ಚುಕ್ಕಿಯಮ್ಮನೇ. ಕಲಿಸಿದವಳೇ ಈಗ ಹತ್ತಿರ ಕೂತು ಗಾಜು ಒರೆಸಿ ಕೊಡುತ್ತಿದ್ದಳು. ಮೊದಲ ಜೋಡಿಯನ್ನು ಯಂತ್ರಕ್ಕೆ ಏರಿಸಿ ನೋಡಿದ ಹುಡುಗಿ, ಅಭ್ಯಾಸಬಲದಿಂದ ಅವಳ ಕಡೆ ತಿರುಗಿದಳು.

"ಇದು ಮಿಣುಕುತ್ತೆ, ಅಲ್ವಾ ದೊಡ್ಡಮ್ಮ?"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಚುಕ್ಕಿಯಮ್ಮ ಮುಂದಿನ ಗಾಜು ಒರೆಸತೊಡಗಿದಳು.

"ನನ್ನ ಕೇಳ್ಬೇಡ ಕಣೆ. ನೀನೇ ನೋಡಿ ಹೇಳು."